ತಾಯಿಯಿಲ್ಲದ ಮರಿ ಹಿತ್ತಲಿಗೆ ಬಂದಾಗ

ಬೇಸಿಗೆ ರಜೆ ಶುರುವಾದರೆ ದಾವಣಗೆರೆಯ ಬೀದಿಗಳಿಗೆ ಬಣ್ಣದ ಕೋಳಿಮರಿ ಮಾರುವವರು ಬರುತ್ತಾರೆ. ಸೈಕಲ್ಲಿನ ಹಿಂದೆ ಅಗಲವಾದ ಬುಟ್ಟಿ, ಅದರ ತುಂಬ ಗುಲಾಬಿ, ಹಸಿರು, ನೇರಳೆ ಬಣ್ಣದಲ್ಲಿ ಅದ್ದಿ ತೆಗೆದ ಮರಿಗಳು. ಮಕ್ಕಳು ಹಟ ಹಿಡಿಯುತ್ತವೆ, ಅಪ್ಪಂದಿರು ಎರಡು ಕೊಡಿಸುತ್ತಾರೆ, ಮರಿಗಳು ಚಪ್ಪಲಿ ಡಬ್ಬಿ ಸೇರುತ್ತವೆ. ಮರುದಿನ ಬೆಳಿಗ್ಗೆ ಯಾರಾದರೂ ಒಬ್ಬರು ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. "ಟೀಚರ್, ರಾತ್ರಿ ಚೆನ್ನಾಗೇ ಇದ್ವು. ಅಕ್ಕಿ ಹಾಕಿದ್ವಿ, ನೀರಿಟ್ಟಿದ್ವಿ. ಬೆಳಗ್ಗೆ ನೋಡಿದ್ರೆ ಎಲ್ಡೂ ಸತ್ತು ಬಿದ್ದಾವೆ."

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ನಿಟ್ಟುವಳ್ಳಿಯ ಮನೆಯ ಹಿಂದೆ ಕೋಳಿ ಸಾಕಿಕೊಂಡಿದ್ದೇನೆ, ಹಾಗಾಗಿ ಈ ದೂರು ನನ್ನ ಬಾಗಿಲಿಗೆ ಬರುತ್ತದೆ. ಆ ಮರಿಗಳು ಬಹಳಷ್ಟು ಸಲ ಸತ್ತಿರುವುದು ಹಸಿವಿನಿಂದಲ್ಲ, ಚಳಿಯಿಂದ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಎಂಥ ಚಳಿ ಎಂದು ಕೇಳುತ್ತಾರೆ. ಫ್ಯಾನ್ ಹಾಕಿಕೊಂಡು ಮಲಗುವ ನಮಗೆ ಸೆಕೆ ನಿಜ. ಆದರೆ ಮೊಟ್ಟೆಯೊಡೆದು ಬಂದ ಮೊದಲ ವಾರದಲ್ಲಿ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನಡುರಾತ್ರಿಯ ಗಾಳಿ 24ಕ್ಕೆ ಇಳಿದರೆ ಅದಕ್ಕೆ ಹತ್ತು ಡಿಗ್ರಿಗೂ ಹೆಚ್ಚು ಕೊರತೆ. ಮೈಮೇಲಿನ ನವಿರು ತುಪ್ಪಳಕ್ಕೆ ಬಿಸಿ ಹಿಡಿದಿಡುವ ಶಕ್ತಿ ಇರುವುದಿಲ್ಲ. ನಿಜವಾದ ಗರಿ ಬರುವ ತನಕ ಮರಿ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು.

ಬೀದಿಯಲ್ಲಿ ಬರುವ ಮರಿಗಳು ಹೆಚ್ಚಾಗಿ ಗಂಡು. ಮೊಟ್ಟೆಗೆಂದೇ ಬೆಳೆಸುವ ತಳಿಯಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡೇ ಆಗಿರುತ್ತವೆ. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆಂದರೆ ಬೇಗ ತೂಕ ಬರುವುದಿಲ್ಲ. ಹ್ಯಾಚರಿಗೆ ಬೇಡವಾದವು ಬಣ್ಣ ಬಳಿಸಿಕೊಂಡು ಆಟಿಕೆಯಾಗಿ ಮಾರಾಟವಾಗುತ್ತವೆ. ಜೀವಂತ ಮರಿಯನ್ನು ಹಾಗೆ ಮಾರುವುದು ನನಗೆ ಸಹಿಸಲಾಗದ ಸಂಗತಿ. ಕೋಳಿ ಸಾಕುವ ಆಸೆಯಿದ್ದವರು ದಯವಿಟ್ಟು ಅಲ್ಲಿಂದ ಶುರುಮಾಡಬೇಡಿ.

ನನ್ನ ತವರು ಹರಿಹರ. ಹರಿಹರೇಶ್ವರ ದೇವಸ್ಥಾನದಿಂದ ತುಂಗಭದ್ರೆಯ ಕಡೆ ಇಳಿಯುವ ಓಣಿಯೊಂದರಲ್ಲಿ ನಮ್ಮ ಮನೆ ಇತ್ತು. ಅವ್ವ ವರ್ಷವಿಡೀ ಜವಾರಿ ಕೋಳಿ ಸಾಕುತ್ತಿದ್ದಳು. ಮರಿಗಳಿಗೆಂದು ಆಕೆ ದೀಪ ಹಚ್ಚಿಟ್ಟದ್ದಾಗಲಿ ಬೇರೆ ಆಹಾರ ತಂದದ್ದಾಗಲಿ ನಾನು ಕಾಣೆ. ಹೇಂಟೆ ಕಾವಿಗೆ ಕೂತಾಗ ಮಂಕರಿಯಲ್ಲಿ ಹುಲ್ಲು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಡುತ್ತಿದ್ದಳು, ಒಂದೊಂದರ ಮೇಲೂ ಇದ್ದಿಲಿನ ಗೆರೆ. ಗೆರೆ ಇಲ್ಲದ ಮೊಟ್ಟೆ ಕಂಡರೆ ಅದು ಬೇರೆ ಕೋಳಿ ಬಂದು ಇಟ್ಟು ಹೋದದ್ದು, ತೆಗೆಯಬೇಕು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆಯನ್ನೂ ಹುಲ್ಲಿನಲ್ಲಿ ಸಿಕ್ಕಿಸುತ್ತಿದ್ದಳು. ಒಂದು ವಾರ ಕಳೆದ ಮೇಲೆ ರಾತ್ರಿ ಮೊಟ್ಟೆಯನ್ನು ಬುಡ್ಡಿದೀಪದ ಎದುರು ಹಿಡಿದು ನೋಡುವಳು. ಒಳಗೆ ಕಪ್ಪು ಚುಕ್ಕಿ, ಅದರಿಂದ ಹೊರಟ ಕೆಂಪು ನರಗಳು ಕಂಡರೆ ಜೀವ ಕಟ್ಟಿದೆ. ತಿಳಿಯಾಗಿ ಕಂಡರೆ ಕಟ್ಟಿಲ್ಲ. ಭ್ರೂಣದ ಪಾಠ ಮಾಡುವಾಗಲೆಲ್ಲ ನಾನು ಮಕ್ಕಳಿಗೆ ಮೊದಲು ಹೇಳುತ್ತಿದ್ದುದು ಆ ಬುಡ್ಡಿದೀಪದ ವಿಷಯ.

ಇಪ್ಪತ್ತೊಂದನೆಯ ದಿನ ಮೊಟ್ಟೆ ಒಡೆಯುತ್ತಿತ್ತು. ಅಲ್ಲಿಂದ ಮುಂದೆ ಮರಿ ಸಾಕುವವಳು ಹೇಂಟೆ, ಅವ್ವ ಅಲ್ಲ. ಈ ವ್ಯತ್ಯಾಸ ಈಗಿನ ಹೊಸಬರಿಗೆ ಗೊತ್ತಾಗಬೇಕು. "ನಮ್ಮಜ್ಜಿ ಎಷ್ಟು ಸಲೀಸಾಗಿ ಕೋಳಿ ಸಾಕ್ತಿದ್ರು" ಎಂದು ಹೇಳಿಕೊಂಡು ಮರಿ ತರುತ್ತಾರೆ. ಅಜ್ಜಿಯಂದಿರು ಸಾಕಿದ್ದು ತಾಯಿಯನ್ನು. ನಾವು ಇಂದು ಪೆಟ್ಟಿಗೆಯಲ್ಲಿ ತರುವುದು ಯಂತ್ರದ ಕಾವಿನಲ್ಲಿ ಒಡೆದ, ತಾಯಿಯ ಮುಖವನ್ನೇ ಕಾಣದ ಮರಿಯನ್ನು. ಹೇಂಟೆ ಏನೇನು ಮಾಡುತ್ತಿದ್ದಳೋ ಅದೆಲ್ಲವೂ ತಂದವರ ಪಾಲಿಗೆ ಬರುತ್ತದೆ.

ಹೇಂಟೆಯ ಮೈಬಿಸಿ 41 ಡಿಗ್ರಿಯ ಆಸುಪಾಸು. ಮರಿಗಳು ಮೇಯುತ್ತವೆ, ಚಳಿಯಾದಾಗ ರೆಕ್ಕೆಯಡಿ ನುಗ್ಗುತ್ತವೆ, ಬಿಸಿ ಏರಿಸಿಕೊಂಡು ಮತ್ತೆ ಹೊರಗೆ ಬರುತ್ತವೆ. ಕಾಳು ಕಂಡಾಗ ಹೇಂಟೆ ಒಂದು ಬಗೆಯಲ್ಲಿ ಕೂಗಿ, ಕಾಳನ್ನು ಎತ್ತಿ ಕೆಳಗೆ ಹಾಕಿ ತೋರಿಸುತ್ತದೆ. ಆಕಾಶದಲ್ಲಿ ಹದ್ದು ಕಂಡರೆ ಕೂಗುವ ಕೂಗೇ ಬೇರೆ, ನೆಲದ ಮೇಲೆ ನಾಯಿ ಬೆಕ್ಕು ಕಂಡರೆ ಕೂಗುವ ಕೂಗೇ ಬೇರೆ. ಕೋಳಿಗಳ ಕೂಗನ್ನು ಧ್ವನಿಮುದ್ರಿಸಿ ಅಭ್ಯಾಸ ಮಾಡಿದ ವಿಜ್ಞಾನಿಗಳು ಇದನ್ನು ದೃಢಪಡಿಸಿದ್ದಾರೆ. ಮೇಲಿನ ಅಪಾಯದ ಕೂಗು ಕೇಳಿದ ಕೋಳಿ ಮರೆಗೆ ಓಡಿ ಮುದುರಿಕೊಳ್ಳುತ್ತದೆ, ಕೆಳಗಿನದಕ್ಕೆ ಕತ್ತು ನೀಳಮಾಡಿ ನಿಲ್ಲುತ್ತದೆ. ನಾವು ಅಂಥ ಕೂಗು ಕೂಗಲಾರೆವು. ಬಲೆ ಕಟ್ಟಬಲ್ಲೆವು, ಬಾಗಿಲು ಹಾಕಬಲ್ಲೆವು, ಬಲ್ಬು ಉರಿಸಬಲ್ಲೆವು.

ಬಲ್ಬಿನ ವಿಷಯ ಬಿಡಿಸಿ ಹೇಳಬೇಕು. ಈಚೆಗೆ ಮನೆಯಲ್ಲೆಲ್ಲ ಎಲ್‌ಇಡಿ. ಮರಿಯ ಪೆಟ್ಟಿಗೆಗೂ ಅದನ್ನೇ ಸಿಕ್ಕಿಸಿ, ಬೆಳಕಿದೆಯಲ್ಲ ಎಂದು ನಿಶ್ಚಿಂತರಾಗುವವರನ್ನು ಕಂಡಿದ್ದೇನೆ. ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಬೇಕಾದಷ್ಟು ಬಿಸಿ ಕೊಡುವುದಿಲ್ಲ. ತಂತಿ ಕೆಂಪಗೆ ಕಾಯುವ ಹಳೇ ಕಾಲದ 60 ವ್ಯಾಟಿನ ಬಲ್ಬನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ ತರಬೇಕು. ಒಂದು ಮರಿಗೆ ಒಂದರಿಂದ ಎರಡು ವ್ಯಾಟ್ ಎಂಬುದು ಸಾಮಾನ್ಯ ಲೆಕ್ಕ. ಮರಿ ಹತ್ತೇ ಇದ್ದರೂ ಎರಡು ಬಲ್ಬು ಹಾಕಿ, ಒಂದು ರಾತ್ರಿಯಲ್ಲಿ ಸುಟ್ಟುಹೋದರೆ ಇನ್ನೊಂದಿರಲಿ. ರಟ್ಟಿನ ಹಾಳೆಯನ್ನೋ ತಗಡನ್ನೋ ಮೂಲೆಯಿಲ್ಲದಂತೆ ದುಂಡಗೆ ಬಗ್ಗಿಸಿ ನಿಲ್ಲಿಸಿ. ಮೂಲೆಯಿದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು. ಮೊದಲೆರಡು ದಿನ ಅದರ ಮೇಲೆ ಪೇಪರ್ ಹಾಸಿದರೆ ಹೊಟ್ಟನ್ನೇ ಕಾಳೆಂದು ನುಂಗುವುದು ತಪ್ಪುತ್ತದೆ. ಬಲ್ಬು ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಹೊಟ್ಟಿಗಾಗಲಿ ರಟ್ಟಿಗಾಗಲಿ ತಾಗಬಾರದು.

ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೇ ಗುಂಪುಗೂಡಿ ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಬಿಸಿ ಸಾಲದು. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಬಿಸಿ ಜಾಸ್ತಿ, ಬಲ್ಬನ್ನು ಮೇಲಕ್ಕೆತ್ತಿ. ಒಂದೇ ಪಕ್ಕಕ್ಕೆ ಸೇರಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಎಲ್ಲ ಕಡೆ ಹರಡಿಕೊಂಡು ಸಣ್ಣಗೆ ಗುಯ್‌ಗುಡುತ್ತಿದ್ದರೆ ನೀವು ಹೋಗಿ ಮಲಗಬಹುದು. ವಾರಕ್ಕೆ ಮೂರು ಡಿಗ್ರಿಯಂತೆ ಬಿಸಿ ಇಳಿಸುತ್ತಾ ಹೋದರೆ ನಾಲ್ಕೈದು ವಾರದ ಹೊತ್ತಿಗೆ ಗರಿ ಬಂದು ಬಲ್ಬಿನ ಅಗತ್ಯ ತೀರುತ್ತದೆ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡಿ. ಕೆಂಡದ ಕುಂಡ ಮಾತ್ರ ಮುಚ್ಚಿದ ಜಾಗದಲ್ಲಿ ಬೇಡ, ಅದರ ಹೊಗೆ ಮರಿಗೂ ಅಪಾಯ, ಮನೆಯವರಿಗೂ ಅಪಾಯ.

ಮರಿ ಊರು ದಾಟಿ ಪೆಟ್ಟಿಗೆಯಲ್ಲಿ ಬಂದರೂ ಬದುಕಿರುವುದಕ್ಕೆ ಕಾರಣವಿದೆ. ಮೊಟ್ಟೆಯೊಡೆಯುವ ಮೊದಲು ಮರಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಒಂದೆರಡು ದಿನ ಅದೇ ಅದರ ಬುತ್ತಿ. ಮನೆಗೆ ಬಂದ ತಕ್ಷಣ ಮೊದಲು ಕಾಳು ಹಾಕಬೇಡಿ. ಕಾಯಿಸಿ ಆರಿಸಿದ ನೀರಿಗೆ ಸ್ವಲ್ಪ ಬೆಲ್ಲ ಹಾಕಿ, ಒಂದೊಂದನ್ನೇ ಹಿಡಿದು ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ. ಒಂದು ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿಟ್ಟರೆ ಮುಳುಗಿ ಸಾಯುವುದಿಲ್ಲ.

ಇಷ್ಟೆಲ್ಲ ಓದಿ ಭಯವಾದವರಿಗೆ ನನ್ನ ಸಲಹೆ: ಮೊದಲ ಸಲ ಒಂದು ದಿನದ ಮರಿ ತರಲೇಬೇಡಿ. ಐದಾರು ವಾರ ಬೆಳೆದ, ಗರಿ ಮೂಡಿದ, ಲಸಿಕೆ ಆದ ಮರಿ ತನ್ನಿ. ಪಶುಪಾಲನಾ ಇಲಾಖೆ ಗ್ರಾಮೀಣ ಮಹಿಳೆಯರಿಗೆ ಕೊಡುವುದೂ ಅಷ್ಟು ವಯಸ್ಸಿನವನ್ನೇ. ಬೆಲೆ ಹೆಚ್ಚು ಬೀಳುತ್ತದೆ, ಆದರೆ ಅತ್ಯಂತ ಕಷ್ಟದ ಕಾಲವನ್ನು ಬೇರೆಯವರು ಕೈಹಿಡಿದು ದಾಟಿಸಿರುತ್ತಾರೆ. ಆರು ಹೇಂಟೆ ಸಾಕು. ಒಂದೋ ಎರಡೋ ತರಬೇಡಿ, ಕೋಳಿ ಗುಂಪಿನಲ್ಲಿ ಬದುಕುವ ಜೀವ.

ಯಾವ ತಳಿ? ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಉತ್ತರಗಳಿವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ರೂಪಿಸಿದ ಗಿರಿರಾಜ 1989ರಲ್ಲಿ ರೈತರ ಕೈಗೆ ಬಂತು, ಸ್ವರ್ಣಧಾರ 2005ರಲ್ಲಿ. ಗಿರಿರಾಜ ಮೈಕಟ್ಟಿನ ಕೋಳಿ, ವರ್ಷಕ್ಕೆ 130ರಿಂದ 150 ಮೊಟ್ಟೆ. ಸ್ವರ್ಣಧಾರ ಸ್ವಲ್ಪ ಹಗುರ, ಮೊಟ್ಟೆ 180ರ ಆಚೀಚೆ. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಹಿತ್ತಲಿಗೆ ಹೊಂದುತ್ತವೆ. ಜವಾರಿ ಕೋಳಿ ಇಡುವುದು ವರ್ಷಕ್ಕೆ 60–80, ಆದರೆ ಕಾವಿಗೆ ಕೂರುತ್ತದೆ, ಕಣ್ಣು ಚುರುಕು, ಮರ ಹತ್ತಿ ಜೀವ ಉಳಿಸಿಕೊಳ್ಳುತ್ತದೆ. ಗಿರಿರಾಜ, ಸ್ವರ್ಣಧಾರಗಳು ಕಾವಿಗೆ ಕೂರುವುದು ಅಪರೂಪ. ಹೆಚ್ಚು ಮೊಟ್ಟೆ ಬೇಕೆಂದು ಆರಿಸುತ್ತಾ ಹೋದಂತೆ ತಾಯ್ತನದ ಆ ಗುಣ ಕಳಚಿಹೋಗುತ್ತದೆ, ಏಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಗಿರಿರಾಜ, ಸ್ವರ್ಣಧಾರಗಳು ಮಿಶ್ರತಳಿಗಳಾದ್ದರಿಂದ ಮನೆಯಲ್ಲೇ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಅದೇ ಗುಣ ಉಳಿಯುವುದಿಲ್ಲ ಎಂಬುದೂ ನೆನಪಿರಲಿ.

ತಳಿ ಯಾವುದೇ ಇರಲಿ, ಎಲ್ಲ ಕೋಳಿಗಳ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ, ಹಳದಿ ಕಾಲಿನ ಕೋಳಿಗಳಲ್ಲಿ ಆ ಬಣ್ಣ ತರುವ ವಂಶವಾಹಿ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರ ಸಂಶೋಧನೆಯೊಂದು ತೋರಿಸಿತು. ಬೂದು ಕಾಡುಕೋಳಿ ನಮ್ಮ ಪಶ್ಚಿಮಘಟ್ಟದ ಕಾಡಿನದು. ಭದ್ರಾ ನಾಲೆಯ ನೀರು ಹುಟ್ಟುವ ಆ ಮಲೆಗಳಲ್ಲೇ ಇಂದಿಗೂ ಅದು ಕೂಗುತ್ತಿದೆ. ಜಗತ್ತಿನ ಕೋಟಿಗಟ್ಟಲೆ ಕೋಳಿಗಳ ಕಾಲಿನ ಹಳದಿ ನಮ್ಮ ಕಡೆಯ ಕಾಡಿನ ಹಕ್ಕಿಯ ಕೊಡುಗೆ ಎಂಬುದು ನನಗೆ ಬಹಳ ಸಂತೋಷ ಕೊಡುವ ವಿಷಯ.

ಮರಿ ತರುವ ಮೊದಲು ಗೂಡು ಆಗಿರಬೇಕು. ಹಗಲು ಮನುಷ್ಯರು ಓಡಾಡುತ್ತಿರುತ್ತಾರೆ, ಆದರೂ ಅಪಾಯ ಹಗಲೂ ಇದೆ, ರಾತ್ರಿಯೂ ಇದೆ. ಊರ ನಡುವೆ ಮುಂಗುಸಿ ಎಲ್ಲಿ ಬರುತ್ತದೆ ಎನ್ನಬೇಡಿ. ಚರಂಡಿಯ ಪಕ್ಕ, ಖಾಲಿ ಸೈಟಿನ ಪೊದೆಯಲ್ಲಿ ಅದು ಇದ್ದೇ ಇದೆ. ಹೆಗ್ಗಣ, ಬೆಕ್ಕು, ನಾಯಿಯ ಮಾತು ಹೇಳಬೇಕಾದ್ದೇ ಇಲ್ಲ. ಅಂಗಡಿಯಲ್ಲಿ "ಕೋಳಿ ಜಾಲರಿ" ಎಂದು ಕೊಡುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಶತ್ರುವನ್ನು ಹೊರಗಿಡುವುದಿಲ್ಲ, ನಾಯಿ ಹಲ್ಲಿನಲ್ಲೇ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ. ಗೂಡು ನೆಲದಿಂದ ಎರಡಡಿ ಎತ್ತರದ ಕಾಲಿನ ಮೇಲೆ ನಿಂತರೆ ಮಳೆಗಾಲದ ತೇವವೂ ತಾಗದು. ರಾತ್ರಿ ಮಲಗಲು ಒಂದು ಕೋಳಿಗೆ ಒಂದೂವರೆ ಎರಡು ಚದರಡಿ ಸಾಕು. ಕೂರಲು ಎರಡಿಂಚು ದಪ್ಪದ ಗಳ, ಮೊಟ್ಟೆಯಿಡಲು ಮಬ್ಬುಗತ್ತಲಿನ ಒಂದು ಮೂಲೆ. ಚಿಲಕ ಬೆಕ್ಕಿನ ಪಂಜಕ್ಕೆ ತೆರೆಯದಂಥದ್ದಿರಲಿ.

ಹಗಲಿನ ಓಡಾಟಕ್ಕೆ ಇನ್ನೂ ಹೆಚ್ಚು ಜಾಗ ಬೇಕು, ತಲೆಗೆ ಎಂಟು ಹತ್ತು ಚದರಡಿಯಾದರೂ. ಅದರ ಮೇಲೆ ನಾನು ಕಟ್ಟಿರುವುದು ಹರಿಹರದ ಹೊಳೆದಂಡೆಯ ಮೀನುಗಾರರಿಂದ ತಂದ ಹಳೇ ಬಲೆ. ಹದ್ದು ಕಾಗೆಗೆ ಅದಕ್ಕಿಂತ ಒಳ್ಳೆಯ ತಡೆ ಕಂಡಿಲ್ಲ. ಗೂಡಿಗೆ ತಗಡಿನ ಮಾಡು ಮಾಡಿಸಿದವರು ಅದರ ಮೇಲೆ ಅಡಿಕೆ ಸೋಗೆಯನ್ನೋ ತೆಂಗಿನ ಗರಿಯನ್ನೋ ದಪ್ಪಗೆ ಹೊದಿಸಲೇಬೇಕು. ಚನ್ನಗಿರಿ ಕಡೆಯ ಪರಿಚಯದವರಿದ್ದರೆ ಸೋಗೆ ಸುಲಭವಾಗಿ ಸಿಗುತ್ತದೆ. ನಮ್ಮ ಊರಿನ ಬಿಸಿಲು 38, 39ಕ್ಕೆ ಏರುವ ದಿನಗಳಲ್ಲಿ ಬರಿ ತಗಡಿನ ಕೆಳಗೆ ಕೋಳಿ ಬೇಯುತ್ತದೆ. ಕೋಳಿಗೆ ಬೆವರುಗ್ರಂಥಿಯಿಲ್ಲ, ಏದುಸಿರಿನಿಂದಲೇ ಮೈಬಿಸಿ ಇಳಿಸಿಕೊಳ್ಳಬೇಕು. ಹಾಗೆ ಏದಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಬೇಸಿಗೆಯ ಮೊಟ್ಟೆ ಕೈಯಲ್ಲಿ ಹಿಡಿದರೇ ಬಿರಿಯುವುದು ಇದೇ ಕಾರಣಕ್ಕೆ. ಕಾಳನ್ನು ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಕೊಡಿ, ನೆರಳಿನಲ್ಲಿ ಮಣ್ಣಿನ ಪಾತ್ರೆಯ ನೀರನ್ನು ಮಧ್ಯಾಹ್ನ ಬದಲಿಸಿ.

ಆಹಾರದ ವಿಷಯದಲ್ಲಿ ನಮ್ಮಷ್ಟು ಅನುಕೂಲ ಇರುವವರು ಕಡಿಮೆ. ಸುತ್ತ ಗೋವಿನಜೋಳದ ಹೊಲಗಳು, ಭದ್ರಾ ನಾಲೆಯ ಗದ್ದೆಗಳು, ಹರಿಹರ ಮಲೇಬೆನ್ನೂರಿನ ರೈಸ್ ಮಿಲ್ಲುಗಳು. ನುಚ್ಚು, ತವುಡು, ಹೊಟ್ಟು ಮೂರೂ ಅಲ್ಲೇ. ಬೆಳೆದ ಕೋಳಿಗೆ ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ ಬೇಕು. ಹಿತ್ತಲಿನ ಹುಳ, ಸೊಪ್ಪು, ಅಡುಗೆಮನೆಯ ತರಕಾರಿ ಸಿಪ್ಪೆ ಅದರಲ್ಲಿ ಒಂದು ಪಾಲು. ಉಳಿದದ್ದಕ್ಕೆ ನಾನು ಅರ್ಧದಷ್ಟು ಒಡೆದ ಗೋವಿನಜೋಳ, ಐದನೇ ಒಂದು ಪಾಲು ತವುಡು, ಇನ್ನೊಂದು ಐದನೇ ಪಾಲು ಹಿಂಡಿ, ಉಳಿದ ಭಾಗಕ್ಕೆ ಚಿಪ್ಪಿನ ಪುಡಿ ಮತ್ತು ಖನಿಜ ಮಿಶ್ರಣ ಕಲಸುತ್ತೇನೆ. ಬರಿ ಅಕ್ಕಿ ನುಚ್ಚಿನಲ್ಲಿ ಸಾಕಿದ ಕೋಳಿ ಬದುಕುತ್ತದೆ, ಮೊಟ್ಟೆ ಇಡುವುದಿಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಚಿಪ್ಪಿನಲ್ಲಿ ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹೊಟ್ಟೆಗೆ ಹೋಗದ್ದು ಮೊಟ್ಟೆಗೆ ಬರಲಾರದು. ಆದರೆ ಚಿಪ್ಪಿನ ಪುಡಿ ಮೊಟ್ಟೆ ಶುರುವಾಗುವ ಹೊತ್ತಿಗೆ ಮಾತ್ರ, ಮರಿಗಳಿಗೆ ಅಷ್ಟು ಸುಣ್ಣ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಮರಿಗಳಿಗೆ ಅಂಗಡಿಯ ಚಿಕ್ ಸ್ಟಾರ್ಟರ್ ಆಹಾರವೇ ಸರಿ. ದಾವಣಗೆರೆಯವರ ಕೈ ಮಂಡಕ್ಕಿ ಡಬ್ಬಿಗೆ ಹೋಗುವುದು ಸಹಜ, ಆದರೆ ಮಂಡಕ್ಕಿಗೆ ಉಪ್ಪು ಹಾಕಿರುತ್ತಾರೆ. ದೊಡ್ಡ ಕೋಳಿಗೆ ಒಂದು ಹಿಡಿ ಎರಚಿದರೆ ಪರವಾಗಿಲ್ಲ, ಮರಿಗೆ ಬೇಡ.

ಗೋವಿನಜೋಳದಲ್ಲಿ ಒಂದು ಎಚ್ಚರಿಕೆ ತೀರಾ ಮುಖ್ಯ. ಕೊಯ್ಲಾದ ಮೇಲೆ ನಮ್ಮ ಜಿಲ್ಲೆಯ ರಸ್ತೆಗಳ ಪಕ್ಕದಲ್ಲೆಲ್ಲ ಜೋಳ ಒಣಗಲು ಹರಡಿರುತ್ತಾರೆ. ಆಗ ಮಳೆ ಬಿದ್ದರೆ ಕಾಳಿಗೆ ಬೂಸ್ಟು ಹಿಡಿಯುತ್ತದೆ. ಅಂಥ ಜೋಳ ಕಡಿಮೆ ಬೆಲೆಗೆ ಸಿಗುತ್ತದೆ, "ಕೋಳಿಗೆ ತಾನೇ" ಎಂದು ಕೊಳ್ಳುತ್ತಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಅದರೊಳಗಿನ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗ. ಅದು ಯಕೃತ್ತನ್ನು ಹಾಳುಮಾಡುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆಯ ಕಾಳು, ಹಿಂಡಿ ಎಷ್ಟೇ ಅಗ್ಗವಾಗಿದ್ದರೂ ಕೋಳಿಗೆ ಹಾಕಬೇಡಿ.

ಇನ್ನು ರೋಗ. ಕೊಕ್ಕರೆ ರೋಗ ಬಂತೆಂದರೆ ಒಂದು ಓಣಿಯ ಕೋಳಿಗಳು ವಾರದೊಳಗೆ ಖಾಲಿ. ಹರಿಹರದಲ್ಲಿ ಅವ್ವನ ಮಂಕರಿ ಇದ್ದಕ್ಕಿದ್ದಂತೆ ಬರಿದಾಗುತ್ತಿದ್ದುದು ಇದರಿಂದಲೇ. ಬಿಳಿ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಆಮೇಲೆ ಕತ್ತು ತಿರುಚಿಕೊಂಡು ಸುತ್ತುವುದು. 1920ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ಮದ್ದಿಲ್ಲ, ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೇ ವಾರದಲ್ಲಿ ಮತ್ತೆ, ಎಂಟು ಹತ್ತು ವಾರದ ಹೊತ್ತಿಗೆ ಚುಚ್ಚುಮದ್ದು. ಎರಡನೇ ವಾರ ಗುಂಬೊರೊ ರೋಗಕ್ಕೆ, ಆರೇಳು ವಾರಕ್ಕೆ ಸಿಡುಬಿಗೆ. ಪಶು ಆಸ್ಪತ್ರೆಯ ವೈದ್ಯರು ನಿಮ್ಮ ಕೋಳಿಯ ವಯಸ್ಸು ನೋಡಿ ತಾರೀಖು ಬರೆದುಕೊಡುತ್ತಾರೆ.

ಮನೆಯಲ್ಲಿ ಆರು ಕೋಳಿ ಸಾಕಿದವರ ಕಷ್ಟ ಒಂದಿದೆ. ಲಸಿಕೆಯ ಸೀಸೆ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಬರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆರು ಹನಿ ಬಳಸಿ ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಎಷ್ಟೋ ಮಂದಿ ಲಸಿಕೆಯನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಸುತ್ತಿನ ಮನೆಯವರು ಒಟ್ಟು ಸೇರಿ ಒಂದೇ ಬೆಳಿಗ್ಗೆ ಹಾಕಿಸುವ ಪದ್ಧತಿ ಮಾಡಿಕೊಂಡಿದ್ದೇವೆ. ಮಂಜುಗಡ್ಡೆಯ ಕಷ್ಟಕ್ಕೂ ಪರಿಹಾರವಿದೆ: ಆಸ್ಟ್ರೇಲಿಯಾದ ವಿಜ್ಞಾನಿಗಳು ಬಿಸಿ ತಡೆಯುವ ಲಸಿಕೆಯ ತಳಿಗಳನ್ನು ಬೆಳೆಸಿದರು. ಮೊಜಾಂಬಿಕ್, ತಾಂಜಾನಿಯಾಗಳಲ್ಲಿ ಹಳ್ಳಿಯ ಹೆಂಗಸರು ತರಬೇತಿ ಪಡೆದು ಮನೆಮನೆಗೆ ಹೋಗಿ ಕಣ್ಣಿಗೆ ಹನಿ ಹಾಕುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘಗಳು ಆ ಕೆಲಸವನ್ನು ಖಂಡಿತ ಮಾಡಬಲ್ಲವು. ಮಾಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಕ್ಕಿಜ್ವರ ನಮಗೆ ದೂರದ ಸುದ್ದಿಯಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಲಾಕ್‌ಡೌನ್‌ಗೆ ಕೆಲವೇ ದಿನ ಮೊದಲು, ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಅದು ದೃಢಪಟ್ಟಿತು. ಅದೇ ದಿನಗಳಲ್ಲಿ ಮೈಸೂರಿನಲ್ಲೂ ಕಾಣಿಸಿಕೊಂಡಿತ್ತು. ಇಂಥ ಸಂದರ್ಭದಲ್ಲಿ ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಂದು ಹೂಳುತ್ತಾರೆ, ಹತ್ತು ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಅದರಲ್ಲಿ ಸಾಕಣೆ ಕೇಂದ್ರದ್ದು, ಮನೆಯದ್ದು ಎಂಬ ಭೇದವಿಲ್ಲ. ನೋವಿನ ಕೆಲಸ ನಿಜ, ಆದರೆ ಬಚ್ಚಿಡಬಾರದು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ, ಕಾಗೆ ಬೆಳ್ಳಕ್ಕಿಗಳು ಸತ್ತು ಬಿದ್ದದ್ದು ಕಂಡರೆ, ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆ ಇಡುವುದು ರೂಢಿಯಾಗಲಿ. ದುಗ್ಗಮ್ಮನ ಜಾತ್ರೆಯ ಹೊತ್ತಿನಲ್ಲಿ ಎಲ್ಲೆಲ್ಲಿಯ ಕೋಳಿಗಳೋ ಊರಿಗೆ ಬರುತ್ತವೆ, ಆಗ ಹೊಸದನ್ನು ಕೊಳ್ಳದಿರುವುದೇ ಮೇಲು.

ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಒದ್ದೆ ಹೊಟ್ಟಿನಿಂದ ಹಬ್ಬುತ್ತದೆ. ಹೊಟ್ಟು ಬದಲಿಸಿ, ವೈದ್ಯರು ಕೊಟ್ಟ ಔಷಧಿ ಹಾಕಿ. ಮೆಡಿಕಲ್ ಅಂಗಡಿಯಿಂದ ಯಾವುದೋ ಆ್ಯಂಟಿಬಯೋಟಿಕ್ ತಂದು ನೀರಿಗೆ ಕಲಸುವ ಅಭ್ಯಾಸ ಕೆಟ್ಟದ್ದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿ ಕೋಳಿಫಾರಂಗಳಲ್ಲಿ ಬೇಕಾಬಿಟ್ಟಿ ಬಳಕೆಯಾಗಿ, ಕೇಂದ್ರ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಬೇಕಾಯಿತು.

ನೆರೆಹೊರೆಯ ಮಾತು ಸಣ್ಣದಲ್ಲ. ನಮ್ಮ ಬೀದಿಯಲ್ಲಿ ಮೊಟ್ಟೆ ಮುಟ್ಟದ ಮನೆಗಳೇ ಹೆಚ್ಚು. ಗೂಡು ಕಟ್ಟುವ ಮೊದಲೇ ಪಕ್ಕದ ಮನೆಗೆ ಹೋಗಿ ಹೇಳಿದೆ. "ವಾಸನಿ ಬರಬಾರ್ದು ನೋಡ್ರಿ ಟೀಚರ್, ಮತ್ತೆ ಬೆಳಗಿನ ಜಾವ ಕೂಗಬಾರ್ದು" ಎಂದರು ಅಲ್ಲಿಯ ಹಿರಿಯರು. ಎರಡೂ ನ್ಯಾಯವಾದ ಮಾತು. ಕೂಗಿನ ಪರಿಹಾರ ಸುಲಭ, ಹುಂಜ ಸಾಕಬೇಡಿ. ಹುಂಜವಿಲ್ಲದೆಯೂ 20–24 ವಾರಕ್ಕೆ ಹೇಂಟೆ ಮೊಟ್ಟೆ ಶುರುಮಾಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಹುಂಜಕ್ಕೆ ಮುಸುಕು ಹಾಕಿದರೆ ಕೂಗುವುದಿಲ್ಲವೆಂಬ ನಂಬಿಕೆಯಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ದಿನವಿಡೀ ಒಂದೇ ಮಬ್ಬು ಬೆಳಕಿನಲ್ಲಿ ಇಟ್ಟು ನೋಡಿದರು. ಆಗಲೂ ಅವು ನಸುಕಿಗೆ ಮೊದಲೇ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆ. ವಾಸನೆ ಬರುವುದು ಕೋಳಿಯಿಂದಲ್ಲ, ಒದ್ದೆಯಾದ ಹಿಕ್ಕೆಯಿಂದ. ಹೊಟ್ಟನ್ನು ಎರಡು ದಿನಕ್ಕೊಮ್ಮೆ ಕೆದಕಿ ಒಣಗಿಸಿ, ತೇವವಾದಲ್ಲಿ ಸುಣ್ಣ ಉದುರಿಸಿದರೆ ಮೂಗಿಗೆ ಗೊತ್ತೇ ಆಗದು. ಹಳೆಯ ಹೊಟ್ಟನ್ನು ಗುಂಡಿಯಲ್ಲಿ ಎರಡು ಮೂರು ತಿಂಗಳು ಕೊಳೆಸಿದರೆ ಒಳ್ಳೆಯ ಗೊಬ್ಬರ. ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆ. ಪಕ್ಕದ ಮನೆಯ ದಾಸವಾಳ, ಕರಿಬೇವಿಗೆ ಈಗ ನಮ್ಮ ಗೊಬ್ಬರವೇ ಹೋಗುತ್ತದೆ. ನಗರದೊಳಗೆ ಸಾಕುವವರು ತಮ್ಮ ವಾರ್ಡಿನಲ್ಲಿ ಪಾಲಿಕೆಯ ನಿಯಮವನ್ನೂ ಕೇಳಿಕೊಳ್ಳಬೇಕು.

ಮೊದಲ ಮೊಟ್ಟೆಗಳು ಸಣ್ಣವಿರುತ್ತವೆ, ತಿಂಗಳೊಳಗೆ ಸರಿಹೋಗುತ್ತವೆ. ತೊಳೆದಿಡಬೇಡಿ, ಮೇಲಿನ ಸಹಜ ಲೇಪ ಹೋದರೆ ರೋಗಾಣು ಒಳಸೇರುತ್ತದೆ. ವರ್ಷಕ್ಕೊಮ್ಮೆ ಗರಿ ಉದುರಿಸುವ ಕಾಲದಲ್ಲಿ ಮೊಟ್ಟೆ ನಿಲ್ಲುತ್ತದೆ, ಅದು ರೋಗವಲ್ಲ.

ತಾಯಿಯಿಲ್ಲದ ಮರಿಗೆ ತಾಯಿಯನ್ನೇ ಕೊಡುವ ದಾರಿಯೂ ಇದೆ. ಇದನ್ನು ಕಂಡದ್ದು ಹರಿಹರದಲ್ಲಿ, ತಮ್ಮನ ಹೆಂಡತಿಯ ಕೈಯಲ್ಲಿ. ಅವಳ ಜವಾರಿ ಹೇಂಟೆ ಕಾವಿಗೆ ಕೂತು ಮೂರು ವಾರ ಆಗುವ ಹೊತ್ತಿಗೆ ಸರಿಯಾಗಿ ಒಂದು ದಿನದ ಸ್ವರ್ಣಧಾರ ಮರಿ ತರಿಸುತ್ತಾಳೆ. "ಹಗಲು ಇಟ್ರೆ ಗುರುತು ಹಿಡಿತೈತಕ್ಕ, ರಾತ್ರಿನೇ ಇಡಬೇಕು" ಎನ್ನುತ್ತಾಳೆ. ಪೂರಾ ಕತ್ತಲಾದ ಮೇಲೆ ದೀಪವಿಲ್ಲದೆ, ಒಂದು ಮೊಟ್ಟೆ ತೆಗೆಯುತ್ತಾ ಒಂದು ಮರಿ ರೆಕ್ಕೆಯಡಿ ಸೇರಿಸುತ್ತಾ ಹೋಗುತ್ತಾಳೆ, ಎಂಟು ಹತ್ತಕ್ಕಿಂತ ಹೆಚ್ಚಿಲ್ಲ. ಮರಿ ಎರಡು ದಿನಕ್ಕಿಂತ ದೊಡ್ಡದಿರಬಾರದು, ಆಮೇಲೆ ಅದು ತಾಯಿಯ ಕೂಗಿಗೆ ಓಗೊಡುವುದನ್ನು ಕಲಿಯದು. ಹೇಂಟೆಗೆ ಹೇನಿಲ್ಲದಿರಬೇಕು, ಲಸಿಕೆ ಆಗಿರಬೇಕು. ಬೆಳಿಗ್ಗೆ ಅದು ಗಂಟಲಲ್ಲೇ ಮೆಲ್ಲಗೆ ಕುಟುಗುಟ್ಟುತ್ತಿದ್ದರೆ ಒಪ್ಪಿಕೊಂಡಿತೆಂದು ಅರ್ಥ. ಮುಂದಿನ ಐದಾರು ವಾರ ನೀವು ಆಹಾರ ನೀರು ಇಟ್ಟರೆ ಸಾಕು. ಆದರೆ ಕೆಲವು ಹೇಂಟೆಗಳು ಒಪ್ಪುವುದಿಲ್ಲ, ಮರಿಯ ತಲೆಗೆ ಕುಕ್ಕುತ್ತವೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಎದ್ದು ನೋಡಬೇಕು, ಎರಡು ಬಲ್ಬಿನ ಪೆಟ್ಟಿಗೆಯನ್ನು ಹಿಂದಿನ ರಾತ್ರಿಯೇ ಕಾಯಿಸಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು.